ಅಟ್ಟದ ಮೇಲಿನ ಬ್ಯಾಟು

ಪುಟ್ಟಾ,

ಕಡೂರು ಸಂತೆಯ ಗುಜರಿಯವನ ಹತ್ತಿರ ಹಳೇ ಬ್ಯಾಟೊಂದು ಕೊಂಡೆಯಂತೆ. ಎಂಟುನೂರು ರೂಪಾಯಿ ಕೊಟ್ಟ ಅಂತ ನಿನ್ನ ಅಮ್ಮ ಫೋನಿನಲ್ಲಿ ಬೈದಳು. ನಾನೂ ಹೂಂಗುಟ್ಟಿದೆ. ಒಳಗೊಳಗೆ ಖುಷಿಯಾಯಿತು ಅಂತ ಅವಳಿಗೆ ಹೇಳಬೇಡ.

ಕಳೆದ ಸಲ ಬಂದಾಗ ಮೊಬೈಲಿನಲ್ಲಿ ನನಗೆ ತೋರಿಸಿದೆಯಲ್ಲ, ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರನ ಚಿತ್ರದ ಚೀಟಿ? 1909ರ ಸುಮಾರಿಗೆ ಸಿಗರೇಟು ಪ್ಯಾಕಿನೊಳಗೆ ಹಾಕುತ್ತಿದ್ದ ರಟ್ಟಿನ ತುಂಡು, 2022ರಲ್ಲಿ 72 ಲಕ್ಷ ಡಾಲರ್ ದಾಟಿ ಹೋಯಿತಲ್ಲ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಸಂತೆ ಸುತ್ತಬೇಡ ಮಾರಾಯ. ನಮ್ಮ ಕಡೆ ಸಿಗೋದು ಬೇರೆ ಸರಕು: ದಾರ ಬಿಚ್ಚಿಕೊಂಡ ಚೆಂಡು, ಇಲಿ ಕಡಿದ ಪ್ಯಾಡು, ಸ್ಕೋರು ಬರೆದ ಲೆಕ್ಕದ ಪುಸ್ತಕ, ಹೆಸರಿಲ್ಲದ ಹನ್ನೊಂದು ಜನ ನಿಂತ ಫೋಟೊ. ಇವುಗಳಿಗೆ ಬೆಲೆ ಬರೋದು ಕತೆಯಿಂದ. ಅದಕ್ಕೇ ಹೇಳೋದು, ವಸ್ತು ಆಮೇಲೆ ತಗೋ, ಕತೆ ಮೊದಲು ಬರೆದುಕೋ.

ಇದನ್ನು ಕಲಿಯೋಕೆ ನಾನು ಒಂದು ಬ್ಯಾಟು ಹಾಳು ಮಾಡಿದ್ದೇನೆ. ಅಜ್ಜಂಪುರದಲ್ಲಿ ಹಳೇ ತೊಟ್ಟಿಮನೆಯೊಂದನ್ನು ಕೆಡವುತ್ತಿದ್ದರು. ಅಟ್ಟದಿಂದ ಒಂದು ಬ್ಯಾಟು ಬಿತ್ತು, ಹೊಗೆ ಹಿಡಿದು ಕಾಫಿ ಬಣ್ಣವಾಗಿತ್ತು. ಬೇಕಾದರೆ ಒಯ್ಯಿರಿ ಅಂದರು. ಮನೆಗೆ ತಂದವನೇ ಮರಳು ಕಾಗದ ಹಿಡಿದು ಕೂತೆ. ಅರ್ಧ ಗಂಟೆ ಉಜ್ಜಿದ ಮೇಲೆ ಬೆಳ್ಳನೆ ಮರ ಕಂಡಿತು, ಜೊತೆಗೆ ಬೆನ್ನಿನ ಮೂಲೆಯಲ್ಲಿ ಶಾಯಿಯ ಒಂದು ಅಕ್ಷರ: ‘ಪ್ಪ’. ಕೈ ನಿಂತುಹೋಯಿತು. ಅದರ ಮೇಲೂ ಕೆಳಗೂ ಸಾಲಾಗಿ ಹೆಸರು ಬರೆದಿದ್ದರು ಅಂತ ಆಗ ಗೊತ್ತಾಯಿತು. ಎಲ್ಲವೂ ಹೊಟ್ಟಾಗಿ ನನ್ನ ಪಂಚೆಯ ಮೇಲೆ ಬಿದ್ದಿತ್ತು. ಉಳಿದದ್ದು ‘ಪ್ಪ’ ಒಂದೇ. ಅಜ್ಜಂಪುರದಲ್ಲಿ ‘ಪ್ಪ’ ಅಂತ ಮುಗಿಯುವ ಹೆಸರು ಎಷ್ಟಿದ್ದಾವು, ನೀನೇ ಹೇಳು! ಆ ಮನೆಯವರೂ ಅಷ್ಟರಲ್ಲಿ ಊರು ಬಿಟ್ಟಿದ್ದರು.

ಆದ್ದರಿಂದ ಒರೆಸಬೇಡ, ಎಣ್ಣೆ ಹಚ್ಚಬೇಡ, ಪಾಲಿಷ್ ಅಂತೂ ಬೇಡವೇ ಬೇಡ. ಫೋಟೊಗೆ ಲ್ಯಾಮಿನೇಷನ್ ಮಾಡಿಸಿದರೆ ಅದನ್ನು ಮತ್ತೆ ಬಿಡಿಸೋಕಾಗಲ್ಲ. ಹರಿದ ಕಾಗದಕ್ಕೆ ಸೆಲೊಟೇಪ್ ಹಾಕಿದರೆ ವರ್ಷ ಕಳೆದಂತೆ ಹಳದಿ ಪಟ್ಟೆ ಬೀಳುತ್ತದೆ. ನೀನಿರೋದು ಕಡೂರಿನ ಒಣ ಹವೆಯಲ್ಲಿ, ಕಾಗದ ಮುರುಕಾದೀತು, ಮಡಚಿದ್ದನ್ನು ಹುಷಾರಾಗಿ ಬಿಚ್ಚು. ತರೀಕೆರೆಯಲ್ಲಿ ನಮ್ಮ ಕಾಟವೇ ಬೇರೆ, ಮಳೆಗಾಲದಲ್ಲಿ ಚರ್ಮದ ಮೇಲೆಲ್ಲ ಬೂಷ್ಟು. ನೆರಳಲ್ಲಿ ಗಾಳಿಗಿಟ್ಟು ಮೆತ್ತಗಿನ ಒಣ ಬ್ರಷ್ಷಿನಲ್ಲಿ ಕೊಡವಿದರೆ ಸಾಕು.

ಇನ್ನು ಕಾಲ ಗುರುತಿಸೋದು. ಇದರ ರುಚಿ ಹತ್ತಿದರೆ ಬಿಡೋದಿಲ್ಲ. ಮಾರುವವನ ಬಾಯಿಗಿಂತ ರಸೀದಿ, ಅಂಗಡಿಯ ಮೊಹರು, ಸ್ಕೋರು ಪುಸ್ತಕದ ರಟ್ಟು ಹೆಚ್ಚು ನಿಜ ಹೇಳುತ್ತವೆ. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾ ಪೈಸೆ ಅಂತಿದ್ದರೆ ಅದಾದ ಮೇಲಿನ ಏಳು ವರ್ಷದೊಳಗೆ ಹುಡುಕು, 1964ರಲ್ಲಿ ‘ನಯಾ’ ಬಿಟ್ಟುಹೋಯಿತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗೋಕೆ ಸಾಧ್ಯವೇ ಇಲ್ಲ, ಯಾರು ಎಷ್ಟು ಆಣೆ ಇಟ್ಟರೂ ನಂಬಬೇಡ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದಿರಬಹುದು, ಆದರೆ ಉಳಿದ ಹಳೇ ಕಾಗದವನ್ನು ಜನ ಬಿಸಾಡದೆ ಬಳಸುತ್ತಿದ್ದರು ಅನ್ನೋದೂ ನೆನಪಿರಲಿ. ‘ಕಡೂರು ಜಿಲ್ಲೆ’ ಅಂತ ಅಚ್ಚಾದದ್ದು ಕಂಡರೆ ಚೌಕಾಸಿ ಮಾಡದೆ ತಗೋ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಅದು. ‘ತರೀಕೆರೆ ತಾಲ್ಲೂಕು ಅಜ್ಜಂಪುರ’ ಅಂತ ನೋಡಿ ಮಾತ್ರ ಹಿಗ್ಗಬೇಡ. ಅಜ್ಜಂಪುರ ತಾಲ್ಲೂಕಾದದ್ದು ಮೊನ್ನೆ ಮೊನ್ನೆ.

ನಮ್ಮ ಸೀಮೆಯ ಇನ್ನೊಂದು ಪೀಡೆ, ವಿಶ್ವನಾಥ್ ಬ್ಯಾಟು. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಭದ್ರಾವತಿಯಲ್ಲಿ. ಸರಿ, ಬೀರೂರಿನಿಂದ ಶಿವಮೊಗ್ಗದ ತನಕ ಸ್ಟೇಷನ್ನಿಗೊಬ್ಬ ‘ಇದು ವಿಶಿ ಆಡಿದ ಬ್ಯಾಟು’ ಅನ್ನುವವನು ಸಿಗುತ್ತಾನೆ. 1969ರಲ್ಲಿ ಕಾನ್ಪುರದ ತನ್ನ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ ಎರಡನೇ ಸರದಿಗೆ 137 ಹೊಡೆದ ಮನುಷ್ಯ, ಅಷ್ಟೆಲ್ಲ ಬ್ಯಾಟು ಊರೂರಿಗೆ ಹಂಚುತ್ತಾ ಕೂತಿದ್ದನೇ? ಯಾರಿಂದ ಯಾರಿಗೆ ಬಂತು, ಯಾವ ಊರಲ್ಲಿ, ಯಾವ ವರ್ಷ ಅಂತ ಕೇಳು. ಎರಡನೇ ಪ್ರಶ್ನೆಗೇ ತೊದಲಿದರೆ ನಮಸ್ಕಾರ ಹೇಳಿ ಬಂದುಬಿಡು.

ಗೆದ್ದ ಆಟದ ಕಾಗದಕ್ಕಿಂತ ಸೋತ ಆಟದ್ದು ಹುಡುಕು ಅಂತ ನನ್ನ ಹಟ. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗಿನ ಪತ್ರಿಕೆ ಚೂರು ಎಷ್ಟೋ ಟ್ರಂಕಿನಲ್ಲಿದೆ. 1934ರಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯಕ್ಕೆ ಮದರಾಸಿಗೆ ಹೋದ ಮೈಸೂರು ತಂಡ ಒಂದೇ ದಿನದಲ್ಲಿ ಸೋತುಬಂತು. ಅದರ ಚೀಟಿ ಯಾರಿಟ್ಟುಕೊಂಡಿದ್ದಾರೆ? ಊರ ತಂಡಗಳದೂ ಇದೇ ಹಣೆಬರಹ.

ಮನೆಗಳಿಗೆ ಹೋದಾಗ ಗಂಡಸರನ್ನು ಕೇಳಿ ವಾಪಸು ಬರಬೇಡ. ಜಗಲಿ ಮೇಲೆ ಕೂತು ಕಾಫಿ ಕುಡಿದು ಅಜ್ಜಿಯನ್ನು ಮಾತಾಡಿಸು. ಬ್ಯಾಟಿನಲ್ಲಿ ಬಟ್ಟೆ ಬಡಿದವಳು, ಸ್ಟಂಪನ್ನು ಕರು ಕಟ್ಟೋ ಗೂಟ ಮಾಡಿದವಳು ಅವಳೇ, ಯಾವ ಹುಡುಗ ಅದನ್ನು ತಂದ ಅಂತ ನೆನಪಿರೋದೂ ಅವಳಿಗೇ. ಹೇಳಿದ್ದನ್ನು ಅಲ್ಲೇ ಬರೆದುಕೋ, ತಾರೀಕು ಹಾಕು. ತೆಂಗಿನ ಮಟ್ಟೆ ಕೆತ್ತಿದ ಬ್ಯಾಟು ಸಿಕ್ಕರೆ ನಗಬೇಡ, ನಿಮ್ಮ ಕಡೂರಿನ ನಿಜವಾದ ಬ್ಯಾಟು ಅದು. ಕೊಡೋಕೆ ಮನಸ್ಸಿಲ್ಲದಿದ್ದರೆ ಫೋಟೊ ತೆಗೆದುಕೊಂಡು ಬಾ.

ಹಳೇ ವಸ್ತುವಿನ ಹುಚ್ಚು ಒಂದಕ್ಕೆ ನಿಲ್ಲೋದಿಲ್ಲ, ನನಗೆ ಗೊತ್ತು. ಗರಡಿಮನೆಯ ಗದೆಗೆ ಬರುತ್ತದೆ, ಆಮೇಲೆ ಹೊಲದ ಬದುವಿನ ವೀರಗಲ್ಲಿನ ಮೇಲೆ ಕಣ್ಣು ಬೀಳುತ್ತದೆ. ಕಲ್ಲು ಮಾತ್ರ ಕದಲಿಸಬೇಡ. ನೂರು ವರ್ಷ ದಾಟಿದ ಕೆತ್ತನೆಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಅದಕ್ಕಿಂತ ಮೊದಲು ಊರವರಿದ್ದಾರೆ.

ದೀಪಾವಳಿಗೆ ಬರುವಾಗ ಆ ಬ್ಯಾಟು ತಾ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು. ನನ್ನ ಹತ್ತಿರ ಭೂತಗನ್ನಡಿ ಇದೆ. ಬೆಳಗಿನ ಎಳೇ ಬಿಸಿಲಿಗೆ ಓರೆಯಾಗಿ ಹಿಡಿದು, ಮೊದಲು ಬೆನ್ನಿನ ಮೂಲೆ ನೋಡೋಣ.

ನಿನ್ನ ಅಜ್ಜ
ತರೀಕೆರೆ