ಹೆಸರಿಗೆ ವಿಳಾಸ ಹಚ್ಚುವ ಲಿಂಕರ್

ಮಧುಗಿರಿಯ ವಿದ್ಯಾರ್ಥಿಯೊಬ್ಬನು ಪಾವಗಡದಲ್ಲಿರುವ ತನ್ನ ಗೆಳೆಯನಿಗೆ ಕಾಗದ ಬರೆಯುತ್ತಾನೆಂದು ಭಾವಿಸೋಣ. ಲಕೋಟೆಯ ಮೇಲೆ ಊರಿನ ಹೆಸರನ್ನು ಬರೆದು, ಅದರ ಕೆಳಗೆ 561202 ಎಂಬ ಪಿನ್ ಸಂಖ್ಯೆಯನ್ನೂ ಬರೆಯುತ್ತಾನೆ. ಈ ಆರಂಕಿಯ ಪದ್ಧತಿ ನಮ್ಮ ದೇಶದಲ್ಲಿ 1972ನೆಯ ಆಗಸ್ಟ್ 15ರಂದು ಜಾರಿಗೆ ಬಂದಿತು. ಒಂದೇ ಹೆಸರಿನ ಊರುಗಳು ಹಲವು ಇರುವಾಗ ಬರಿಯ ಹೆಸರನ್ನು ನಂಬಿ ಕಾಗದಗಳನ್ನು ವಿಂಗಡಿಸುವುದು ತೊಡಕಿನ ಕೆಲಸವಷ್ಟೆ. ಮಧುಗಿರಿಯ ಸಂಖ್ಯೆ 572132, ಶಿರಾದ್ದು 572137, ಕೊರಟಗೆರೆಯದು 572129. ನಾಲ್ಕೂ ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡದ ಸಂಖ್ಯೆ ಮಾತ್ರ 561ರಿಂದ ಮೊದಲಾಗುತ್ತದೆ. ಏಕೆಂದರೆ ಆ ಸಂಖ್ಯೆ ಸೂಚಿಸುವುದು ಅಂಚೆ ತಲಪಬೇಕಾದ ಎಡೆಯನ್ನೇ ಹೊರತು ಜಿಲ್ಲೆಯನ್ನಲ್ಲ. ಊರಿನಲ್ಲಿ ಎಷ್ಟು ಮನೆಗಳಿವೆ, ಅವುಗಳಲ್ಲಿ ಯಾರಿದ್ದಾರೆ ಎಂಬುದನ್ನಂತೂ ಅಲ್ಲವೇ ಅಲ್ಲ. ಈ ಸಣ್ಣ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ, ಗಣಕಯಂತ್ರದ ಕರ್ನೆಲನ್ನು ಕಟ್ಟುವಾಗ ಎದುರಾಗುವ ಒಂದು ಸೂಕ್ಷ್ಮವನ್ನು ಸುಲಭವಾಗಿ ಗ್ರಹಿಸಬಹುದು.

ಗಣಕಯಂತ್ರದ ನೆನಪಿನ ಕೋಶವನ್ನೂ ಇತರ ಸಾಧನಗಳನ್ನೂ ಎಲ್ಲ ಕಾರ್ಯಕ್ರಮಗಳಿಗೆ ಹಂಚಿಕೊಟ್ಟು ಆಳುವ ಮೂಲ ಕಾರ್ಯಕ್ರಮವೇ ಕರ್ನೆಲ್. ಇದನ್ನು ಒಂದೇ ಕಡತದಲ್ಲಿ ಬರೆಯುವುದಿಲ್ಲ. ಹಲವು ಕಡತಗಳಲ್ಲಿ ಬರೆಯುತ್ತಾರೆ. ಕಂಪೈಲರ್ ಒಂದೊಂದು ಕಡತವನ್ನೂ ಬೇರೆಬೇರೆಯಾಗಿ ಯಂತ್ರಭಾಷೆಗೆ ತಿರುಗಿಸುತ್ತದೆ. ಒಂದು ಕಡತವನ್ನು ತಿರುಗಿಸುವಾಗ ಮತ್ತೊಂದರಲ್ಲಿರುವ ಕಾರ್ಯಭಾಗವು ಕೊನೆಗೆ ಎಲ್ಲಿ ನೆಲೆಗೊಳ್ಳುವುದೆಂದು ಅದಕ್ಕೆ ತಿಳಿಯದು. ಆದ್ದರಿಂದ ವಿಳಾಸದ ಜಾಗವನ್ನು ತೆರವಾಗಿ ಬಿಟ್ಟು, ಬೇಕಾದುದರ ಹೆಸರನ್ನು ಮಾತ್ರ ಗುರುತು ಹಾಕಿಡುತ್ತದೆ. ಈ ಹೆಸರಿಗೆ ಸಿಂಬಲ್ ಎನ್ನುವರು. ಎಲ್ಲ ಕಡತಗಳನ್ನೂ ಒಟ್ಟುಗೂಡಿಸಿ, ಪ್ರತಿಯೊಂದು ಸಿಂಬಲ್ಲಿಗೂ ವಿಳಾಸವನ್ನು ಗೊತ್ತುಮಾಡಿ, ತೆರವುಗಳನ್ನೆಲ್ಲ ತುಂಬುವ ಕೆಲಸ ಲಿಂಕರಿನದು.

ಲಿಂಕರ್ ಯಾವ ಹೆಸರನ್ನು ಹೇಗೆ ಕಾಣುತ್ತದೆಂಬುದನ್ನು 'ಎನ್‌ಎಂ' ಎಂಬ ಉಪಕರಣದಿಂದ ನೋಡಬಹುದು. ಅದು ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ಅಚ್ಚುಮಾಡುತ್ತದೆ. 'ಟಿ' ಎಂದರೆ ಯಂತ್ರವು ನಡೆಸುವ ಆಜ್ಞೆಗಳು. 'ಡಿ' ಎಂದರೆ ಆರಂಭದ ಬೆಲೆಯುಳ್ಳ ದತ್ತಾಂಶ. 'ಬಿ' ಎಂದರೆ ಸೊನ್ನೆಯಿಂದ ಮೊದಲಾಗುವ, ಕಡತದಲ್ಲಿ ಜಾಗ ಹಿಡಿಯದ ದತ್ತಾಂಶ. 'ಯು' ಎಂದರೆ ಹೆಸರುಂಟು, ವಿಳಾಸವಿಲ್ಲ. ದೊಡ್ಡಕ್ಷರವಿದ್ದರೆ ಆ ಹೆಸರು ಎಲ್ಲ ಕಡತಗಳಿಗೂ ಕಾಣುತ್ತದೆ. ಚಿಕ್ಕಕ್ಷರವಿದ್ದರೆ ತನ್ನ ಕಡತಕ್ಕೆ ಮಾತ್ರ ಸೀಮಿತ. ಹೊಸಹಳ್ಳಿ ಎಂಬ ಊರು ಈ ಸೀಮೆಯಲ್ಲಿ ಒಂದೇ ಅಲ್ಲ. ಆದರೆ ಆಯಾ ಹೋಬಳಿಯ ಜನರು ತಮ್ಮ ಹೊಸಹಳ್ಳಿಯನ್ನು ತಪ್ಪದೆ ಗುರುತಿಸುವರು. ಚಿಕ್ಕಕ್ಷರದ ಹೆಸರುಗಳೂ ಹಾಗೆಯೇ. ಎರಡು ಕಡತಗಳು ಒಂದೇ ಹೆಸರನ್ನು ಸಾರ್ವತ್ರಿಕವಾಗಿ ಸಾರಿದರೆ ಮಾತ್ರ ಲಿಂಕರ್ ಸಾಮಾನ್ಯವಾಗಿ ತಪ್ಪೆಂದು ಘೋಷಿಸಿ ನಿಂತುಬಿಡುತ್ತದೆ.

ಇಷ್ಟು ಎಲ್ಲ ಕಾರ್ಯಕ್ರಮಗಳಿಗೂ ಸಮಾನ. ಸಾಮಾನ್ಯ ಕಾರ್ಯಕ್ರಮವನ್ನು ನೆನಪಿನಲ್ಲಿ ನೆಲೆಗೊಳಿಸಲು ಕರ್ನೆಲ್ ಇದೆ. ಕರ್ನೆಲಿಗಾದರೋ ಹಾಗೆ ನೆರವಾಗುವವರಿಲ್ಲ. ಆದಕಾರಣ ಅದನ್ನು ಕಟ್ಟುವವರು ಯಾವ ಭಾಗ ಯಾವ ವಿಳಾಸದಲ್ಲಿರಬೇಕೆಂದು ತಾವೇ ಬರೆದು ಲಿಂಕರಿಗೆ ಒಪ್ಪಿಸುತ್ತಾರೆ. ಈ ಬರಹಕ್ಕೆ ಲಿಂಕರ್ ಸ್ಕ್ರಿಪ್ಟ್ ಎಂದು ಹೆಸರು.

ಉದಾಹರಣೆಗೆ, ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 2006ರಲ್ಲಿ ಪಾಠಕ್ಕೆಂದೇ ರಚಿತವಾದ 'ಎಕ್ಸ್‌ವಿ6' ಎಂಬ ಪುಟ್ಟ ಕರ್ನೆಲನ್ನು ತೆಗೆದುಕೊಳ್ಳೋಣ. ರಿಸ್ಕ್-ಫೈವ್ ಯಂತ್ರಕ್ಕಾಗಿ ಮಾಡಿದ ಅದರ ರೂಪದಲ್ಲಿ ಮೊದಲ ಆಜ್ಞೆಯು 2147483648ನೆಯ ವಿಳಾಸದಲ್ಲೇ ಇರತಕ್ಕದ್ದು. ಹದಿನಾರರ ಮೂಲದ ಎಣಿಕೆಯಲ್ಲಿ ಬರೆದರೆ ಇದು 8ರ ಮುಂದೆ ಏಳು ಸೊನ್ನೆ. ಯಂತ್ರವು ಕರ್ನೆಲನ್ನು ಅರಸಿ ಬರುವುದು ಅಲ್ಲಿಗೇ. ಸ್ಕ್ರಿಪ್ಟು ಅಲ್ಲಿಂದ ಆಜ್ಞೆಗಳನ್ನೂ, ಅನಂತರ ದತ್ತಾಂಶವನ್ನೂ ಜೋಡಿಸುತ್ತಾ ಹೋಗಿ, ಎಲ್ಲವೂ ಮುಗಿದ ಎಡೆಯಲ್ಲಿ 'ಎಂಡ್' ಎಂಬ ಹೆಸರನ್ನು ನೆಡುತ್ತದೆ. ಯಾವ ಕಡತದಲ್ಲಿಯೂ ಈ ಹೆಸರಿನ ವಸ್ತುವಿಲ್ಲ. ಇದು ಹೊಲದ ಅಂಚಿನಲ್ಲಿ ನೆಟ್ಟ ಎಲ್ಲೆಕಲ್ಲಿನಂತೆ. ಕರ್ನೆಲ್ ಇಲ್ಲಿಗೆ ಮುಗಿಯಿತು, ಇದರಾಚೆಯ ನೆನಪು ಹಂಚಲು ಖಾಲಿಯಿದೆ ಎಂಬುದಷ್ಟೇ ಅದರ ಅರ್ಥ.

ಹೊಸಬರು ಎಡವುವುದು ಇಲ್ಲಿಯೇ. 'ಎಂಡ್' ಎಂಬುದನ್ನು ಸಾಮಾನ್ಯ ಚರವೆಂದು ತಿಳಿದು, ಅದರ ಬೆಲೆಯೇ ಗಡಿಯ ವಿಳಾಸವೆಂದು ಬಗೆಯುತ್ತಾರೆ. ಆಗ ಯಂತ್ರವು ಆ ಎಡೆಗೆ ಹೋಗಿ, ಅಲ್ಲಿ ಬಿದ್ದಿರುವುದನ್ನು ಓದಿ ತರುತ್ತದೆ. ಅದು ಸೊನ್ನೆಯೂ ಆಗಿರಬಹುದು, ಹಿಂದಿನ ಕೆಲಸದ ಉಳಿಕೆಯೂ ಆಗಿರಬಹುದು. ಆ ಸುಳ್ಳು ಸಂಖ್ಯೆಯನ್ನು ಗಡಿಯೆಂದು ನಂಬಿದ ಕರ್ನೆಲ್ ತನ್ನ ಆಜ್ಞೆಗಳಿರುವ ಜಾಗವನ್ನೇ ಖಾಲಿಯೆಂದು ತಿಳಿದು ಅಳಿಸಿಬಿಟ್ಟರೆ ಆಶ್ಚರ್ಯವಿಲ್ಲ. ಪಿನ್ ಸಂಖ್ಯೆ ಬೇಕಾದವನು ಊರಿಗೇ ಹೋಗಿ, ಮೊದಲ ಮನೆಯ ಬಾಗಿಲ ಮೇಲೆ ಕಂಡ ಅಂಕಿಯನ್ನು ಬರೆದುಕೊಂಡು ಬಂದಂತಾಯಿತು! ಲಿಂಕರಾದರೂ ಈ ತಪ್ಪನ್ನು ತೋರಿಸದು. ಅದಕ್ಕೆ ತಿಳಿದಿರುವುದು ಹೆಸರು ಮತ್ತು ವಿಳಾಸ, ಆ ಹೆಸರನ್ನು ನಾವು ಹೇಗೆ ಬಳಸುವೆವೆಂಬುದಲ್ಲ. ಈ ಕಾರಣದಿಂದಲೇ ಎಕ್ಸ್‌ವಿ6ರ ಕರ್ತೃಗಳು 'ಎಂಡ್' ಅನ್ನು ಅಕ್ಷರಗಳ ಸಾಲೆಂದು ಘೋಷಿಸಿದ್ದಾರೆ. ಸಿ ಭಾಷೆಯಲ್ಲಿ ಸಾಲಿನ ಹೆಸರನ್ನು ಹೀಗೆ ಬಳಸಿದಾಗ ದೊರೆಯುವುದು ಅದರ ಮೊದಲ ಅಂಶದ ವಿಳಾಸ. ಬೇಕಾದುದೂ ಅದೇ.

ಲಿನಕ್ಸ್ ಉಳ್ಳ ಗಣಕಯಂತ್ರ ಶಾಲೆಯಲ್ಲೋ ಕಾಲೇಜಿನಲ್ಲೋ ದೊರೆತರೆ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಿನೋಡಬೇಕು. ಒಂದು ಕಡತದಲ್ಲಿ ಒಂದು ಕಾರ್ಯಭಾಗವನ್ನು ಬರೆಯಿರಿ. ಅದನ್ನು ಮತ್ತೊಂದು ಕಡತದಿಂದ ಕರೆಯಿರಿ. ಎರಡನ್ನೂ ಜೋಡಿಸದೆ ಬೇರೆಬೇರೆಯಾಗಿ ಕಂಪೈಲ್ ಮಾಡಿ 'ಎನ್‌ಎಂ' ಓಡಿಸಿದರೆ, ಒಂದರಲ್ಲಿ ಆ ಹೆಸರಿನ ಪಕ್ಕದಲ್ಲಿ 'ಟಿ', ಇನ್ನೊಂದರಲ್ಲಿ 'ಯು' ಕಾಣುವುದು. ಜೋಡಿಸಿದ ಮೇಲೆ ನೋಡಿದರೆ ಆ 'ಯು' ಮಾಯವಾಗಿ, ಹೆಸರಿನ ಎದುರಿಗೆ ವಿಳಾಸ ನಿಂತಿರುವುದು. ಹೆಸರು ಬೇರೆ, ವಿಳಾಸ ಬೇರೆ, ವಿಳಾಸದಲ್ಲಿರುವ ವಸ್ತು ಬೇರೆ. ಈ ಮೂರರ ಭೇದವನ್ನು ಅರಿತವನು ಕರ್ನೆಲಿನ ಹೊಸ್ತಿಲನ್ನು ದಾಟಿದಂತೆಯೇ ಸರಿ.