ಮಾರ್ಕೆಟ್ಟಿನ ಹುಡುಗನಿಗೆ ಹಾಜರಿ ಪುಸ್ತಕ ಎಲ್ಲಿ?

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ನಮ್ಮ ವಯಸ್ಸಿನವರು ಮೂಟೆ ಹೊರೋದನ್ನು ನಾನು ನೋಡಿದ್ದೇನೆ. ಕಾನೂನು ಇಲ್ಲವೇ? ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರನ್ನು ಯಾವ ಅಂಗಡಿಯಲ್ಲೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆಯ ವೇಳೆ ಮುಗಿದ ಮೇಲೆ, ರಜೆಯಲ್ಲಿ, ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಬಹುದು. ಚಿಕ್ಕಪ್ಪ, ಸೋದರಮಾವನೂ ‘ಮನೆಯವರೇ’.

ತೊಡಕು ಇಲ್ಲೇ ಇರೋದು. ಕಾರ್ಖಾನೆಗೆ ಬಾಗಿಲಿದೆ, ಹಾಜರಿ ಪುಸ್ತಕವಿದೆ, ತಳ್ಳುಗಾಡಿಗೆ ಏನಿದೆ? ಅಧಿಕಾರಿ ಬಂದಾಗ ‘ಇವ ನಮ್ಮಣ್ಣನ ಮಗ’ ಅಂದರೆ ಸುಳ್ಳೆಂದು ತೋರಿಸೋದು ಹೇಗೆ? ಬಿಡಿಸಿದರೂ ಮನೆಯ ಸಾಲ ತೀರಿರೋದಿಲ್ಲ. ಹುಡುಗ ಇನ್ನೊಂದು ಗಾಡಿ ಹಿಡೀತಾನೆ.

ಹಳ್ಳಿಯಿಂದ ಹೋದವನ ಹೆಸರು ಬರೆದಿರೋದು ಹಳ್ಳಿ ಶಾಲೆಯ ಹಾಜರಿಯಲ್ಲಿ ಮಾತ್ರ. ಆದ್ದರಿಂದ ಪಕ್ಕದಲ್ಲಿ ಕೂರುವವನು ವಾರಗಟ್ಟಲೆ ಬಾರದಿದ್ದರೆ ‘ಪೇಟೆಗೆ ಹೋಗಿದಾನಂತೆ’ ಅಂತ ಸುಮ್ಮನಿರಬೇಡಿ, ಮೇಷ್ಟ್ರಿಗೆ ಹೇಳಿ. 1098ಕ್ಕೆ ಹಗಲು ರಾತ್ರಿ ಪುಕ್ಕಟೆ ಫೋನ್ ಮಾಡಬಹುದು.