ಜಾಥಾ ಸಾಕು, ಸಭೆಗೆ ಬನ್ನಿ

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಅವರ ಪೈಕಿ ಸುಮಾರು ಮೂರನೇ ಎರಡು ಪಾಲು 18ರಿಂದ 45 ವರ್ಷದೊಳಗಿನವರು. ಆದರೂ ಜನವರಿಯ ರಸ್ತೆ ಸುರಕ್ಷತಾ ಮಾಸ ಬಂದರೆ ವಿದ್ಯಾರ್ಥಿಗಳ ಕೈಗೆ ಸಿಗುವುದು ಜಾಥಾದ ಫಲಕ ಮಾತ್ರ. ಯಾವ ತಿರುವು ಸರಿಪಡಿಸಬೇಕು, ಹಣ ಎಲ್ಲಿಗೆ ಕೊಡಬೇಕು ಎಂಬ ಚರ್ಚೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಕರೆಗಾಗಿ ಕಾಯಬೇಡಿ.

1. ಜಿಲ್ಲೆಯಿಂದ ಶುರು ಮಾಡಿ. ಮೋಟಾರು ವಾಹನ ಕಾಯ್ದೆಯ 215ನೇ ಕಲಂನಲ್ಲಿ ರಾಷ್ಟ್ರ, ರಾಜ್ಯ ಮಂಡಳಿಗಳ ಜೊತೆಗೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೂ ಇದೆ. ನಮ್ಮಲ್ಲಿ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಮುಂದಿನ ಸಭೆ ಯಾವಾಗ ಎಂದು ವಿಚಾರಿಸಿ, ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

2. ಅಪಘಾತಕ್ಕೆ ಮೊದಲೇ ಜಾಗ ಗುರುತಿಸಿ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಸಂಭವಿಸಿದರೆ ಅದು ಬ್ಲ್ಯಾಕ್ ಸ್ಪಾಟ್ ಎಂಬುದು ಸಚಿವಾಲಯದ ವ್ಯಾಖ್ಯಾನ. ಅಂದರೆ ಸಾವು ಇಲ್ಲವೇ ತೀವ್ರ ಗಾಯ ಆದ ಮೇಲಷ್ಟೇ ಆ ಜಾಗ ಪಟ್ಟಿ ಸೇರುತ್ತದೆ. ಸ್ವಲ್ಪದರಲ್ಲಿ ಪಾರಾದವರ ಲೆಕ್ಕ ಯಾವ ಠಾಣೆಯಲ್ಲೂ ಇರುವುದಿಲ್ಲ. ಅದು ಇರುವುದು ದಿನಾ ಆ ದಾರಿಯಲ್ಲಿ ಕಾಲೇಜಿಗೆ ಹೋಗುವ ನಿಮ್ಮ ಬಳಿ. ತಿರುವಿನಲ್ಲೇ ಇರುವ ಬಸ್ ಸ್ಟಾಪ್, ಉರಿಯದ ಬೀದಿ ದೀಪ, ಬಣ್ಣ ಮಾಸಿದ ಹಂಪ್, ಜನ ಡಿವೈಡರ್ ಹತ್ತಿ ದಾಟುವ ಜಾಗ ಎಲ್ಲವನ್ನೂ ಬರೆದಿಡಿ. ಫೋಟೊ, ಹೊತ್ತು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಮೂರೂ ಇರಲಿ.

3. ‘ಹುಡುಗರ ಅಜಾಗರೂಕತೆ’ ಎಂಬಲ್ಲಿಗೆ ಮಾತು ಮುಗಿಯಲು ಬಿಡಬೇಡಿ. ಹೆಲ್ಮೆಟ್ ಹಾಕಿ, ಬೈಕಿನಲ್ಲಿ ಮೂವರು ಕೂರಬೇಡಿ, ಇದರಲ್ಲಿ ರಾಜಿಯಿಲ್ಲ. ಹಾಗೆಯೇ 2019ರ ತಿದ್ದುಪಡಿಯಲ್ಲಿ ಬಂದ 198ಎ ಕಲಂ ಓದಿಕೊಳ್ಳಿ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

4. ತಂಡದಲ್ಲಿ ಬೈಕ್ ಇದ್ದವರಷ್ಟೇ ಬೇಡ. ನಡೆದು ಬರುವವರು, ಬಸ್ಸಿನ ಬಾಗಿಲಲ್ಲಿ ನೇತಾಡುವವರು, ಸಂಜೆ ಕತ್ತಲಲ್ಲಿ ಹಾಸ್ಟೆಲಿಗೆ ಮರಳುವ ಹೆಣ್ಣುಮಕ್ಕಳು, ಗಾಲಿಕುರ್ಚಿಯಲ್ಲಿ ಓಡಾಡುವವರು ಕಾಣುವ ಅಪಾಯವೇ ಬೇರೆ.

5. ಸಭೆಯ ನಡಾವಳಿ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಒಪ್ಪಿದ ಕೆಲಸ, ಇಲಾಖೆ, ಗಡುವು ಪಟ್ಟಿ ಮಾಡಿಕೊಂಡು ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಎತ್ತಿ. ನನ್ನ ಮಟ್ಟಿಗೆ ಈ ಎಲ್ಲ ಸೂತ್ರಗಳಲ್ಲಿ ಇದೇ ಮುಖ್ಯ.

6. ದೆಹಲಿಗೂ ಬರೆಯಿರಿ. ಸಚಿವಾಲಯ ಕರಡು ನಿಯಮ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕೇಳುತ್ತದೆ. ಯುವಜನರ ದನಿಗೆ ಜಾಗತಿಕ ವೇದಿಕೆಯಲ್ಲೂ ಜಾಗ ಸಿಕ್ಕಿದೆ: 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ರಸ್ತೆ ಸುರಕ್ಷತೆ ಕುರಿತ ಸಚಿವರ ಜಾಗತಿಕ ಸಮ್ಮೇಳನದ ಜೊತೆಗೇ ಯುವಜನರ ವಿಶ್ವ ಸಭೆಯೂ ನಡೆಯಿತು. 2030ರೊಳಗೆ ರಸ್ತೆ ಸಾವು ಅರ್ಧಕ್ಕಿಳಿಯಬೇಕೆಂಬುದು ವಿಶ್ವಸಂಸ್ಥೆಯ ಗುರಿ; ಬರೆಯುವಾಗ ಅದನ್ನೂ ನೆನಪಿಸಿ.

ಜಿಲ್ಲಾಧಿಕಾರಿಗಳಲ್ಲೂ ಒಂದು ವಿನಂತಿ: ಮುಂದಿನ ಸಭೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕರೆಯಿರಿ, ಅವರು ಹೇಳಿದ್ದನ್ನು ನಡಾವಳಿಯಲ್ಲಿ ದಾಖಲಿಸಿ.